ಟೊಪ್ಪಿ ಯಾರದು, ಮುಸುಕು ಯಾರದು?

ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ತೊಕ್ಕೊಟ್ಟಿನ ಮೇಲ್ಸೇತುವೆಯ ಕೆಳಗೆ ಹತ್ತು ನಿಮಿಷ ನಿಂತವರು ಒಂದು ಸಣ್ಣ ಬದಲಾವಣೆಯನ್ನು ಕಾಣಬಹುದು. ಅಷ್ಟು ಹೊತ್ತು ಬರಿದಲೆಯಲ್ಲಿದ್ದ ರಿಕ್ಷಾ ಚಾಲಕ ಕಿಸೆಗೆ ಕೈಹಾಕಿ ನಾಲ್ಕು ಮಡಿಕೆಯ ಬಿಳಿ ಟೊಪ್ಪಿಯನ್ನು ತೆಗೆಯುತ್ತಾನೆ, ಕೊಡವುತ್ತಾನೆ, ತಲೆಗಿಡುತ್ತಾನೆ. ಮೀನು ಮಾರುವವನೂ ಜವಳಿ ಅಂಗಡಿಯ ಯಜಮಾನನೂ ದೇರಳಕಟ್ಟೆಯ ಕಡೆಯಿಂದ ಬಸ್ಸಿಳಿದ ವಿದ್ಯಾರ್ಥಿಯೂ ಹಾಗೆಯೇ ಮಾಡುತ್ತಾರೆ. ಟೊಪ್ಪಿ ಮರೆತು ಬಂದವನಿಗೆ ಮಸೀದಿಯೊಳಗೆ ಒಂದು ಬುಟ್ಟಿಯಲ್ಲಿ ಪ್ಲಾಸ್ಟಿಕ್ಕಿನ ಟೊಪ್ಪಿಗಳಿರುವುದುಂಟು. ಮುಕ್ಕಾಲು ಗಂಟೆಯ ಬಳಿಕ ಹಲವರ ಟೊಪ್ಪಿ ಮತ್ತೆ ಕಿಸೆ ಸೇರುತ್ತದೆ. ಕೆಲವರದು ಸಂಜೆಯವರೆಗೂ ತಲೆಯ ಮೇಲೆಯೇ ಉಳಿಯುತ್ತದೆ.

ಇನ್ನೊಂದು ದೃಶ್ಯ ನಮ್ಮದೇ ದೇವಾಲಯದ್ದು. ದೃಢೀಕರಣ ಸಂಸ್ಕಾರಕ್ಕಾಗಿ ಧರ್ಮಾಧ್ಯಕ್ಷರು ಬಂದಿರುತ್ತಾರೆ. ಅವರ ನೆತ್ತಿಯ ಮೇಲೆ ಅಂಗೈಯಗಲದ ನೇರಳೆ ಬಣ್ಣದ ಟೊಪ್ಪಿ ಇರುತ್ತದೆ. ಬಲಿಪೂಜೆಯ ಅತಿ ಪವಿತ್ರ ಭಾಗಕ್ಕೆ ಮುನ್ನ ಅದನ್ನು ತೆಗೆದು ಬದಿಗಿಡುತ್ತಾರೆ, ಪರಮಪ್ರಸಾದ ವಿತರಣೆ ಮುಗಿದ ಬಳಿಕ ಮತ್ತೆ ಧರಿಸುತ್ತಾರೆ. ಈ ಟೊಪ್ಪಿಗೆ ಲತೀನಿನಲ್ಲಿ 'ಸೋಲಿ ದೇಓ' ಎಂಬ ಹೆಸರೂ ಉಂಟು. 'ದೇವರಿಗೆ ಮಾತ್ರ' ಎಂದು ಅದರ ಅರ್ಥ, ಅಂದರೆ ದೇವರೆದುರು ಮಾತ್ರ ತೆಗೆಯತಕ್ಕದ್ದು. ಮುಂದಿನ ಸಾಲಿನ ಮಕ್ಕಳು ಇದನ್ನು ಕುತೂಹಲದಿಂದ ನೋಡುತ್ತಾರೆ, ಹಿರಿಯರು ಗಮನಿಸುವುದೇ ಇಲ್ಲ.

ಅಂಥ ಒಂದು ಭಾನುವಾರ ಪೂಜೆ ಮುಗಿದು ಅಂಗಳದಲ್ಲಿ ನಿಂತಿದ್ದಾಗ ಒಬ್ಬ ಹಿರಿಯ ಬಂಧುಗಳು, "ಅವರಿಗೆ ಎಲ್ಲಿ ಹೋದರೂ ಧರ್ಮವನ್ನು ತಲೆ ಮೇಲೆ ಹೊತ್ತುಕೊಂಡೇ ಹೋಗಬೇಕು ನೋಡಿ" ಎಂದರು. 'ಅವರು' ಯಾರೆಂದು ಕೇಳಬೇಕಾಗಿರಲಿಲ್ಲ. ಸುತ್ತಲಿದ್ದ ನಾಲ್ಕೈದು ಮಂದಿ ತಲೆದೂಗಿದರು. ನಾನೂ ಸುಮ್ಮನಿದ್ದೆ. ನೇರಳೆ ಟೊಪ್ಪಿಯ ಧರ್ಮಾಧ್ಯಕ್ಷರು ಆಗ ಹತ್ತು ಮಾರು ದೂರದಲ್ಲಿ ಮಕ್ಕಳೊಡನೆ ಛಾಯಾಚಿತ್ರಕ್ಕೆ ನಿಂತಿದ್ದರು. ಅವರ ಎಡಬಲಕ್ಕೆ ಮುಸುಕು ಧರಿಸಿದ ಇಬ್ಬರು ಧರ್ಮಭಗಿನಿಯರಿದ್ದರು.

ಆ ಹಿರಿಯರು ಕೆಟ್ಟವರಲ್ಲ, ಅವರ ಮಾತಿನಲ್ಲಿ ದ್ವೇಷವೂ ಇರಲಿಲ್ಲ. ಸಜ್ಜನರ ಬಾಯಲ್ಲಿ ಅಷ್ಟು ಸಲೀಸಾಗಿ ಬಂದದ್ದರಿಂದಲೇ ಅದನ್ನು ಬಿಡಿಸಿ ನೋಡಬೇಕೆನಿಸಿತು. ಈ ಲೇಖನ ಆ ಒಂದು ವಾಕ್ಯದ ವಿಮರ್ಶೆ.

ಮೊದಲಿಗೆ ನೆನಪಿನ ಮಾತು. ತುಳುನಾಡಿನಲ್ಲಿ ತಲೆ ಮುಚ್ಚುವುದು ಒಂದು ಮತದ ಸೊತ್ತಾಗಿರಲಿಲ್ಲ. ಅಡಿಕೆ ಹಾಳೆಯಿಂದ ಮಾಡಿದ ಮುಟ್ಟಾಳೆಯನ್ನು ಗದ್ದೆಗಿಳಿಯುವ ಯಾರೂ ತಲೆಗಿಡುತ್ತಿದ್ದರು, ಅದಕ್ಕೆ ಜಾತಿಯಿದ್ದಿರಬಹುದು, ಮತವಿರಲಿಲ್ಲ. ಆಟಿಯ ಮಳೆಯಲ್ಲಿ ನೇಜಿ ನೆಡುವ ಹೆಂಗಸರ ಬೆನ್ನು ನೆತ್ತಿಗಳನ್ನು ಗೊರಬು ಕಾಯುತ್ತಿತ್ತು. ಬ್ಯಾರಿ ಹಿರಿಯರು ಬಿಳಿ ಮುಂಡಾಸು ಸುತ್ತುತ್ತಿದ್ದರು. ನಮ್ಮ ಕೊಂಕಣಿ ಕ್ರೈಸ್ತರ ಹಿರಿಯರೂ ಸುತ್ತುತ್ತಿದ್ದರು! ಜರಿಯಂಚಿನ ಆ ಬಿಳಿ ಉರ್ಮಾಲು ಕೊಡವರ ಪೇಟದಂತೆ ಚಪ್ಪಟೆಯಾಗಿರುತ್ತಿತ್ತು. ಹಳೆಯ ಮದುವೆಯ ಪಟಗಳಿರುವ ಮನೆಗಳಲ್ಲಿ ಅದನ್ನು ಇಂದಿಗೂ ಕಾಣಬಹುದು. ಈಗ ಅದು ನಮ್ಮಲ್ಲಿ ಸಾಂಸ್ಕೃತಿಕ ಕಾರ್ಯಕ್ರಮದ ವೇಷ. ನಾವು ಮುಂಡಾಸನ್ನು ಬಿಚ್ಚಿಟ್ಟೆವು. ಅವರಲ್ಲಿಯೂ ಮುಂಡಾಸು ಕಡಿಮೆಯಾಗಿ ಟೊಪ್ಪಿ ಉಳಿಯಿತು. ಕೊಲ್ಲಿಗೆ ದುಡಿಯಲು ಹೋದವರು ಮರಳಿ ಬರುವಾಗ ಒಮಾನಿನ ಕಸೂತಿ ಟೊಪ್ಪಿಯನ್ನೂ ತಂದರು. ಹಾಗಾಗಿ ಇಂದು ತೊಕ್ಕೊಟ್ಟಿನಲ್ಲಿ ಕಾಣುವ ಟೊಪ್ಪಿ ಪೂರ್ತಿಯಾಗಿ ಪುರಾತನವೂ ಅಲ್ಲ, ನಮ್ಮ ಬರಿದಲೆಯೂ ಪುರಾತನವಲ್ಲ.

ಹೆಂಗಸರ ಕಥೆ ಇನ್ನೂ ಸಮೀಪದ್ದು. ನಮ್ಮ ಅಜ್ಜಿ ದೇವಾಲಯದ ಹೊಸ್ತಿಲಲ್ಲಿ ಸೆರಗನ್ನು ತಲೆಯ ಮೇಲೆಳೆದುಕೊಂಡರೆ ಮನೆಯ ದಾರಿ ಹಿಡಿಯುವವರೆಗೆ ಇಳಿಸುತ್ತಿರಲಿಲ್ಲ. ಅಮ್ಮ ಸಣ್ಣ ಗಂಟೆ ಬಾರಿಸುವಾಗ ಮಾತ್ರ ಎಳೆದುಕೊಳ್ಳುತ್ತಿದ್ದರು. ನನ್ನ ಮಗಳಿಗೆ ಆ ಅಭ್ಯಾಸವಿತ್ತೆಂಬುದೇ ತಿಳಿಯದು. ಮೂರು ತಲೆಮಾರಿನೊಳಗೆ ಇದು ಹೇಗೆ ಕಳಚಿಬಿತ್ತೆಂದು ಕೇಳಿದರೆ ಬಹುಮಂದಿ 'ಕಾಲ ಬದಲಾಯಿತು' ಎನ್ನುತ್ತಾರೆ. ಕಾಲ ಬದಲಾದದ್ದು ನಿಜವೇ, ಆದರೆ ಕಾನೂನೂ ಬದಲಾಯಿತು. 1917ರ ಧರ್ಮಸಭೆಯ ಕಾನೂನು ಸಂಹಿತೆಯ 1262ನೆಯ ವಿಧಿಯ ಪ್ರಕಾರ ಪವಿತ್ರ ವಿಧಿಗಳಲ್ಲಿ ಪಾಲ್ಗೊಳ್ಳುವ ಗಂಡಸರು ಬರಿದಲೆಯಲ್ಲಿರಬೇಕಿತ್ತು, ಹೆಂಗಸರು ತಲೆ ಮುಚ್ಚಿಕೊಳ್ಳಬೇಕಿತ್ತು, ಪರಮಪ್ರಸಾದಕ್ಕೆ ಬರುವಾಗಲಂತೂ ವಿಶೇಷವಾಗಿ. ಅದು ಸಲಹೆಯಲ್ಲ, ವಿಧಿ. 1976ರಲ್ಲಿ ವಿಶ್ವಾಸಬೋಧನೆಯ ಪವಿತ್ರ ಪರಿಷತ್ತು ಸ್ತ್ರೀಯರ ಗುರುದೀಕ್ಷೆಯ ವಿಷಯವಾಗಿ ಹೊರಡಿಸಿದ ಘೋಷಣೆಯಲ್ಲಿ ಪ್ರಾಸಂಗಿಕವಾಗಿ, ಹೆಂಗಸರ ತಲೆಮುಸುಕಿನಂಥ ನಿಯಮಗಳು ಆ ಕಾಲದ ರೂಢಿಗೆ ಸೇರಿದವು, ಅವುಗಳಿಗೆ ಈಗ ವಿಧಿಯ ಬಲವಿಲ್ಲ ಎಂದು ಹೇಳಿತು. 1983ರ ಹೊಸ ಸಂಹಿತೆಯಲ್ಲಿ ಆ ವಿಧಿಯೇ ಇಲ್ಲ.

ಇಷ್ಟಕ್ಕೆಲ್ಲ ಮೂಲವಾದದ್ದು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹನ್ನೊಂದನೆಯ ಅಧ್ಯಾಯ. ಈ ಭಾಗದ ಮೇಲೆ ಪ್ರಬೋಧನೆ ಕೇಳಿದ ನೆನಪು ನನಗಿಲ್ಲ. ಓದಿದರೆ ಕಾರಣ ತಿಳಿಯುತ್ತದೆ. ಪೌಲರು ಅಲ್ಲಿ ಒಂದು ವಾದವನ್ನು ಹಿಡಿಯುತ್ತಾರೆ, ಬಿಡುತ್ತಾರೆ, ಇನ್ನೊಂದನ್ನು ಹಿಡಿಯುತ್ತಾರೆ. ಸೃಷ್ಟಿಯ ಕ್ರಮವೆಂದು ತೊಡಗುತ್ತಾರೆ. ನಡುವೆ ದೇವದೂತರ ಪ್ರಸ್ತಾಪ ಬರುತ್ತದೆ, ಅದರ ಅರ್ಥದ ಬಗ್ಗೆ ಪಂಡಿತರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಪ್ರಭುವಿನಲ್ಲಿ ಸ್ತ್ರೀ ಪುರುಷರು ಒಬ್ಬರನ್ನೊಬ್ಬರು ಬಿಟ್ಟಿಲ್ಲವೆಂದು ತಮ್ಮ ಹಿಂದಿನ ಮಾತನ್ನೇ ಅರ್ಧ ಸಡಿಲಿಸುತ್ತಾರೆ. ನೀವೇ ತೀರ್ಮಾನಿಸಿಕೊಳ್ಳಿ ಎನ್ನುತ್ತಾರೆ. ಕೊನೆಗೆ, ಜಗಳಕ್ಕೆ ನಿಲ್ಲುವವರಿಗೆ ಅವರು ಕೊಡುವ ಉತ್ತರ ದೇವಾಜ್ಞೆಯಲ್ಲ, ಪದ್ಧತಿ. ನಮ್ಮಲ್ಲಿ ಅಂಥ ಪದ್ಧತಿಯಿಲ್ಲ ಎಂದು ಹೇಳಿ ಮುಗಿಸಿಬಿಡುತ್ತಾರೆ. ಸುವಾರ್ತೆಯ ತಿರುಳಿನ ಪ್ರಶ್ನೆ ಬಂದಾಗ ಕಲ್ಲಿನಂತೆ ನಿಲ್ಲುವ ಪೌಲರು ಇಲ್ಲಿ ಊರ ಹಿರಿಯರಂತೆ ಮಾತಾಡುತ್ತಾರೆ.

ಕೊರಿಂಥವೆಂಬ ಊರಿನ ಸ್ವರೂಪವನ್ನೂ ಗಮನಿಸಬೇಕು. ಅದು ರೋಮನರು ಮರಳಿ ಕಟ್ಟಿದ ಪಟ್ಟಣ. ರೋಮನ್ ಗಣ್ಯರು ತಮ್ಮ ದೇವತೆಗಳಿಗೆ ಬಲಿಯರ್ಪಿಸುವಾಗ ಮೈಮೇಲಿನ ವಸ್ತ್ರದ ಅಂಚನ್ನು ತಲೆಯ ಮೇಲೆಳೆದುಕೊಳ್ಳುತ್ತಿದ್ದರು. ಹಾಗೆ ತಲೆ ಮುಚ್ಚಿಕೊಂಡ ಅಗಸ್ಟಸ್ ಚಕ್ರವರ್ತಿಯ ವಿಗ್ರಹವೊಂದು ಕೊರಿಂಥದಲ್ಲಿಯೇ ದೊರೆತಿದೆ. ಗಂಡಸರು ತಲೆ ಮುಚ್ಚಬಾರದೆಂದು ಪೌಲರು ಹೇಳುವಾಗ ಅವರ ಕಣ್ಣೆದುರು ಇದ್ದದ್ದು ಯೆಹೂದ್ಯರ ಟೊಪ್ಪಿಯಲ್ಲ. ಆಗ ಸಾಮಾನ್ಯ ಯೆಹೂದ್ಯರಿಗೆ ಅಂಥ ನಿಯಮವೇ ಇರಲಿಲ್ಲ. ವಿಮೋಚನಾಕಾಂಡದಲ್ಲಿ ಪೇಟದ ಕಟ್ಟಳೆಯಿರುವುದು ಯಾಜಕರಿಗೆ. ಆಸ್ತಿಕ ಯೆಹೂದಿ ಬರಿದಲೆಯಲ್ಲಿ ನಾಲ್ಕು ಮೊಳ ಕೂಡ ನಡೆಯಲಾರನೆಂಬ ಭಾವನೆ ತಾಲ್ಮೂದಿನಲ್ಲಿ ಒಬ್ಬ ರಬ್ಬಿಯ ವೈಯಕ್ತಿಕ ನಿಷ್ಠೆಯಾಗಿ ಕಾಣಿಸಿಕೊಂಡು ಶತಮಾನಗಳ ಮೇಲೆ ರೂಢಿಯಾಯಿತು. ದೇವರ ಸಾನ್ನಿಧ್ಯ ತನ್ನ ನೆತ್ತಿಯ ಮೇಲಿದೆ ಎಂಬುದೇ ಆ ರಬ್ಬಿ ಕೊಟ್ಟ ಕಾರಣ. ಹಾಗಾದರೆ ಪೌಲರು ಬೇಡವೆಂದದ್ದು ಬಹುಶಃ ಪಟ್ಟಣದ ಗಣ್ಯರು ತಮ್ಮ ಗಣ್ಯತೆಯನ್ನು ಪ್ರಾರ್ಥನಾಸಭೆಗೂ ತರುವುದನ್ನು. ಇದು ಕೆಲವು ವಿದ್ವಾಂಸರ ಊಹೆ, ನನಗೆ ಒಪ್ಪಿಗೆಯಾಗುವಂಥದು.

ಧರ್ಮಸಭೆ ಇದನ್ನು ಎಷ್ಟು ಹಗುರವಾಗಿ ಹಿಡಿದಿತ್ತೆಂಬುದಕ್ಕೆ ಒಂದು ಸೊಗಸಾದ ಉದಾಹರಣೆಯಿದೆ. ಚೀನಾಕ್ಕೆ ಹೋದ ಯೇಸುಸಭೆಯ ಗುರುಗಳು ಅಲ್ಲಿ ಹಿರಿಯರೆದುರು ಬರಿದಲೆಯಲ್ಲಿ ನಿಲ್ಲುವುದು ಅಗೌರವವೆಂದು ಕಂಡುಕೊಂಡರು. ದೇವರೆದುರು ಅಗೌರವ ತೋರುವುದು ಹೇಗೆ? ಅವರು ರೋಮಿಗೆ ಬರೆದರು. 1615ರಲ್ಲಿ ಐದನೆಯ ಪೌಲ್ ಜಗದ್ಗುರುಗಳು ಚೀನಾದಲ್ಲಿ ಗುರುಗಳು ತಲೆ ಮುಚ್ಚಿಕೊಂಡೇ ಬಲಿಪೂಜೆ ಅರ್ಪಿಸಬಹುದೆಂದು ಅನುಮತಿಯಿತ್ತರು. ಸಂತ ಪೌಲರು ಕೂಡದೆಂದದ್ದಕ್ಕೆ ಅದೇ ಹೆಸರಿನ ಜಗದ್ಗುರುಗಳಿಂದ ಅಪ್ಪಣೆ! ಗೌರವದ ಭಾಷೆ ಊರಿಂದೂರಿಗೆ ಬೇರೆಯೆಂಬ ವಿವೇಕ ಅಲ್ಲಿತ್ತು. ಪಾದರಕ್ಷೆ ಕಳಚಿ ದೇವಾಲಯ ಹೊಗುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈಗ ನಮ್ಮಲ್ಲಿ ಉಳಿದದ್ದೇನು ಎಂಬುದನ್ನು ಲೆಕ್ಕಹಾಕಿ ನೋಡಿ. ಸಾಮಾನ್ಯ ಗಂಡಸರದು ಬರಿದಲೆ. ಟೊಪ್ಪಿ ಧರ್ಮಾಧ್ಯಕ್ಷರಿಗೆ ನೇರಳೆ, ಕಾರ್ಡಿನಲರಿಗೆ ಕೆಂಪು, ಜಗದ್ಗುರುಗಳಿಗೆ ಬಿಳಿ. (ಅದರ ಇಟಲಿಯನ್ ಹೆಸರು ಜುಕ್ಕೆತ್ತೊ, ಕುಂಬಳಕಾಯಿಯ ಹೆಸರಿನಿಂದ ಬಂದದ್ದು. ಅರ್ಧ ಹೋಳಿನಂತಿದೆಯಲ್ಲ! ಮುಂಡನ ಮಾಡಿಸಿದ ನೆತ್ತಿಗೆ ಚಳಿ ತಾಗದಿರಲೆಂದು ಹುಟ್ಟಿಕೊಂಡದ್ದು ಮುಂದೆ ಪದವಿಯ ಚಿಹ್ನೆಯಾಯಿತು.) ಸಾಮಾನ್ಯ ಹೆಂಗಸರು ಸೆರಗನ್ನು ಇಳಿಸಿದರು, ಮುಸುಕು ಧರ್ಮಭಗಿನಿಯರಲ್ಲಿ ಉಳಿಯಿತು. ಅವರಲ್ಲಿಯೂ ದ್ವಿತೀಯ ವ್ಯಾಟಿಕನ್ ಮಹಾಸಭೆ ಉಡುಪು ಸರಳವೂ ಕಾಲೋಚಿತವೂ ಆಗಿರಲೆಂದು 1965ರಲ್ಲಿ ಹೇಳಿದ ಬಳಿಕ ಮುಸುಕು ಚಿಕ್ಕದಾಯಿತು, ಕೆಲವು ಸಭೆಗಳು ಸೀರೆಯನ್ನು ಒಪ್ಪಿಕೊಂಡವು. ಒಟ್ಟಿನಲ್ಲಿ, ಒಂದು ಕಾಲದಲ್ಲಿ ಎಲ್ಲರದಾಗಿದ್ದ ತಲೆವಸ್ತ್ರ ನಮ್ಮಲ್ಲಿ ಈಗ ದೀಕ್ಷೆ ಪಡೆದವರದು, ವ್ರತ ತೊಟ್ಟವರದು. ಅದು ಪದವಿಯನ್ನೋ ಪ್ರತಿಜ್ಞೆಯನ್ನೋ ಹೇಳುತ್ತದೆ. ತೊಕ್ಕೊಟ್ಟಿನ ಟೊಪ್ಪಿ ಅದನ್ನು ಹೇಳುವುದಿಲ್ಲ. ಮೀನು ಮಾರುವವನ ಟೊಪ್ಪಿಗೂ ಅಂಗಡಿಯ ಯಜಮಾನನ ಟೊಪ್ಪಿಗೂ ಬೆಲೆಯಲ್ಲಿ ಹತ್ತಿಪ್ಪತ್ತು ರೂಪಾಯಿಯ ವ್ಯತ್ಯಾಸವಿರಬಹುದು, ಅರ್ಥದಲ್ಲಿ ಇಲ್ಲ. ಅದು ಸಾಮಾನ್ಯ ವಿಶ್ವಾಸಿಯ ಟೊಪ್ಪಿ.

ನನಗನಿಸುವಂತೆ ನಮ್ಮ ಹಿರಿಯ ಬಂಧುಗಳ ಮಾತಿನ ಬೇರು ಇಲ್ಲಿದೆ. ಧರ್ಮವನ್ನು ಮೈಮೇಲೆ ತೊಡುವ ಕೆಲಸವನ್ನು ನಾವು ಗುರುಗಳಿಗೂ ಧರ್ಮಭಗಿನಿಯರಿಗೂ ವಹಿಸಿಕೊಟ್ಟು ನಿಶ್ಚಿಂತರಾಗಿದ್ದೇವೆ. ಅವರು ತೊಟ್ಟರೆ ಅದು ಉಡುಪು, ನಮಗೆ ಕಣ್ಣಿಗೇ ಬೀಳದು. ಸಾಮಾನ್ಯನೊಬ್ಬ ತೊಟ್ಟರೆ 'ಧರ್ಮವನ್ನು ತಲೆ ಮೇಲೆ ಹೊತ್ತುಕೊಂಡಂತೆ' ಕಾಣುತ್ತದೆ. ಎಲ್ಲ ವಿಶ್ವಾಸಿಗಳೂ ಪಾವಿತ್ರ್ಯಕ್ಕೆ ಕರೆಯಲ್ಪಟ್ಟವರೆಂದು ಅದೇ ಮಹಾಸಭೆ ಬೋಧಿಸಿ ಅರುವತ್ತು ವರ್ಷ ಕಳೆದರೂ ನಮ್ಮ ಕಣ್ಣು ಇನ್ನೂ ಹಳೆಯದೇ.

ಇದು ಅಂಗಳದ ಹರಟೆಯಲ್ಲಿಯೇ ನಿಂತಿದ್ದರೆ ಬರೆಯಬೇಕಾಗಿರಲಿಲ್ಲ. 2021ರ ಕೊನೆಯಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ತೊಡಗಿದ ಹಿಜಾಬ್ ವಿವಾದ 2022ರ ಫೆಬ್ರವರಿಯ ಹೊತ್ತಿಗೆ ಕರಾವಳಿಯನ್ನೆಲ್ಲ ಆವರಿಸಿತು. ಫೆಬ್ರವರಿ 5ರಂದು ಸರ್ಕಾರದ ಸಮವಸ್ತ್ರದ ಆದೇಶ ಬಂತು, 10ರಂದು ಉಚ್ಚ ನ್ಯಾಯಾಲಯದ ಮಧ್ಯಂತರ ಆದೇಶ. ಮಾರ್ಚ್ 15ರಂದು ಮೂವರು ನ್ಯಾಯಮೂರ್ತಿಗಳ ಪೀಠವು ಹಿಜಾಬು ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ, ಸಮವಸ್ತ್ರದ ನಿರ್ಬಂಧ ಸಮಂಜಸ ಎಂದು ತೀರ್ಪಿತ್ತಿತು. ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ಬಗೆಯ ತೀರ್ಪು ಕೊಟ್ಟರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ತಳ್ಳಿಹಾಕಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವನ್ನು ಎತ್ತಿಹಿಡಿದರು.

'ಅತ್ಯಗತ್ಯ ಆಚರಣೆ' ಎಂಬ ಅಳತೆಗೋಲು ಎಲ್ಲಿಂದ ಬಂತೆಂದು ಹುಡುಕಿದರೆ ಮತ್ತೆ ಉಡುಪಿಗೇ ಬರುತ್ತೇವೆ. ಉಡುಪಿಯ ಅಷ್ಟಮಠಗಳಲ್ಲೊಂದಾದ ಶೀರೂರು ಮಠದ ಆಡಳಿತದ ವಿಷಯದಲ್ಲಿ ಆಗಿನ ಮದರಾಸು ಸರ್ಕಾರದ ಇಲಾಖೆ ಕೈಹಾಕಿದಾಗ ಸ್ವಾಮೀಜಿ ನ್ಯಾಯಾಲಯಕ್ಕೆ ಹೋದರು. 1954ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಧರ್ಮದ ಅತ್ಯಗತ್ಯ ಭಾಗ ಯಾವುದೆಂಬುದನ್ನು ಮುಖ್ಯವಾಗಿ ಆ ಧರ್ಮದ ಬೋಧನೆಯಿಂದಲೇ ತಿಳಿಯಬೇಕೆಂದಿತು. ಧರ್ಮವನ್ನು ಕಾಯಲು ಹುಟ್ಟಿದ ಮಾತದು. ಕಾಲಕ್ರಮದಲ್ಲಿ ಅದೇ ಮಾತು ಜರಡಿಯಾಯಿತು. ನ್ಯಾಯಾಲಯವೇ ಗ್ರಂಥಗಳನ್ನು ಪರೀಕ್ಷಿಸಿ ಇದು ಕಾಳು, ಇದು ಹೊಟ್ಟು ಎಂದು ಬೇರ್ಪಡಿಸತೊಡಗಿತು.

ಆ ಜರಡಿಯಲ್ಲಿ ನಮ್ಮನ್ನೇ ಹಾಕಿ ನೋಡೋಣ. 1960ರಲ್ಲಿ ನಮ್ಮ ಅಜ್ಜಿಯ ಸೆರಗಿನ ಪ್ರಶ್ನೆ ಒಂದು ನ್ಯಾಯಾಲಯದ ಮುಂದೆ ಬಂದಿದ್ದರೆ, ನಮ್ಮ ವಕೀಲರು ಪೌಲರ ಪತ್ರವನ್ನೂ 1262ನೆಯ ವಿಧಿಯನ್ನೂ ತೋರಿಸಿ ಅದು ಅತ್ಯಗತ್ಯವೆಂದು ಸಾಧಿಸುತ್ತಿದ್ದರು. 1985ರಲ್ಲಿ ಎದುರು ಪಕ್ಷದ ವಕೀಲರು 1976ರ ಘೋಷಣೆಯನ್ನು ತೋರಿಸಿ ಅಲ್ಲವೆಂದು ಸಾಧಿಸುತ್ತಿದ್ದರು. ಅದೇ ಅಜ್ಜಿ, ಅದೇ ಸೆರಗು, ಅದೇ ಭಕ್ತಿ. ರೋಮಿನಲ್ಲಿ ಒಂದು ಕಾಗದ ಬದಲಾದುದರಿಂದ ಅವರ ಸೆರಗನ್ನು ಎಳೆದಿಳಿಸುವ ಹಕ್ಕು ಯಾರಿಗಾದರೂ ಬರುತ್ತಿತ್ತೆ? ಗ್ರಂಥದಲ್ಲಿ ಆಜ್ಞೆಯಿದೆಯೇ ಎಂಬ ಪ್ರಶ್ನೆ ಪಂಡಿತರಿಗೆ ತಕ್ಕದ್ದು. ಅಜ್ಜಿಗೆ ಆ ಪ್ರಶ್ನೆಯೇ ತಿಳಿಯದು. ತಲೆ ಮುಚ್ಚದೆ ದೇವರೆದುರು ನಿಲ್ಲುವುದು ಅವರಿಂದಾಗದು, ಅಷ್ಟೇ.

ಈ 'ಆಗದು' ಎಂಬುದನ್ನು ನಮ್ಮ ದೇಶದ ನ್ಯಾಯಾಲಯ ಗೌರವಿಸಿದ ಸಂದರ್ಭವೂ ಇದೆ, ಅದರಲ್ಲಿದ್ದವರು ಕ್ರೈಸ್ತ ಮಕ್ಕಳು ಎಂಬುದನ್ನು ನಾವು ಮರೆತಂತಿದೆ. 1985ರಲ್ಲಿ ಕೇರಳದ ಶಾಲೆಯೊಂದು ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮೂವರು ಮಕ್ಕಳನ್ನು ಹೊರಹಾಕಿತು. ರಾಷ್ಟ್ರಗೀತೆಯ ವೇಳೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ನಮಗೆ ಆ ಪಂಥದ ಬೋಧನೆ ಒಪ್ಪಿಗೆಯಿಲ್ಲ. ಹಾಡಬಾರದೆಂಬ ಅವರ ನಂಬಿಕೆ ವಿಚಿತ್ರವೆಂದೇ ನನಗೂ ತೋರುತ್ತದೆ. ಆದರೆ 1986ರ ಆಗಸ್ಟಿನಲ್ಲಿ ಬಿಜೋಯ್ ಇಮ್ಯಾನುಯೆಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನೋಡಿದ್ದು ಆ ನಂಬಿಕೆ ತನಗೆ ಸರಿಕಾಣುತ್ತದೆಯೇ ಎಂಬುದನ್ನಲ್ಲ, ಅದು ಪ್ರಾಮಾಣಿಕವೇ ಎಂಬುದನ್ನು. ಮಕ್ಕಳನ್ನು ಮರಳಿ ಸೇರಿಸಿಕೊಳ್ಳಲು ಆಜ್ಞೆಯಾಯಿತು. 2022ರಲ್ಲಿ ನ್ಯಾಯಮೂರ್ತಿ ಧುಲಿಯಾ ಆಧಾರವಾಗಿ ಹಿಡಿದದ್ದು ಈ ತೀರ್ಪನ್ನೇ.

ನಮ್ಮ ಸಂಸ್ಥೆಗಳ ನಡತೆಯತ್ತ ಬಂದರೆ ಹೆಮ್ಮೆಪಡುವಂತಿಲ್ಲ. 2018ರ ಡಿಸೆಂಬರಿನಲ್ಲಿ ಕೇರಳ ಉಚ್ಚ ನ್ಯಾಯಾಲಯವು ತಿರುವನಂತಪುರದ ಒಂದು ಕ್ರೈಸ್ತ ಆಡಳಿತದ ಶಾಲೆಯ ಪರವಾಗಿ, ವಿದ್ಯಾರ್ಥಿನಿಯ ಹಕ್ಕಿಗಿಂತ ಸಂಸ್ಥೆಯ ಹಕ್ಕು ಮೇಲೆಂದು ತೀರ್ಪಿತ್ತಿತು. ಆ ತೀರ್ಪು ಮುಂದೆ ನಮ್ಮ ರಾಜ್ಯದ ವಾದದಲ್ಲಿಯೂ ಉಪಯೋಗಕ್ಕೆ ಬಂತು. 2022ರ ಫೆಬ್ರವರಿಯಲ್ಲಿ ಮಧ್ಯಂತರ ಆದೇಶದ ಬೆನ್ನಿಗೆ ಬೆಂಗಳೂರಿನ ಒಂದು ಕ್ರೈಸ್ತ ಕಾಲೇಜು ಅಮೃತಧಾರಿ ಸಿಖ್ ವಿದ್ಯಾರ್ಥಿನಿಯೊಬ್ಬಳಿಗೆ ಪೇಟ ತೆಗೆಯುವಂತೆ ಕೇಳಿತು. ಆದೇಶದಲ್ಲಿ ಪೇಟದ ಹೆಸರೇ ಇರಲಿಲ್ಲ. 2025ರ ಅಕ್ಟೋಬರಿನಲ್ಲಿ ಕೊಚ್ಚಿಯ ಪಳ್ಳುರುತ್ತಿಯಲ್ಲಿ ಎಂಟನೆಯ ತರಗತಿಯ ಬಾಲಕಿಯ ತಲೆವಸ್ತ್ರದ ವಿಷಯವಾಗಿ ಕಥೋಲಿಕ ಶಾಲೆಯೊಂದು ಎರಡು ದಿನ ಬಾಗಿಲು ಹಾಕಬೇಕಾಯಿತು. ಕೊನೆಗೆ ಹೆತ್ತವರು ಅವಳನ್ನು ಬೇರೆ ಶಾಲೆಗೆ ಸೇರಿಸಲು ನಿರ್ಧರಿಸಿದರು. ಶಾಲೆಯ ಪರವಾಗಿ ಮಾತಾಡಿದ ಧರ್ಮಭಗಿನಿಯ ತಲೆಯಲ್ಲಿ ಮುಸುಕಿತ್ತು. ಅಲ್ಲಿನ ಶಿಕ್ಷಣ ಸಚಿವರೇ ಅದನ್ನು ಎತ್ತಿ ತೋರಿಸಿದಾಗ ನಮಗೆ ನೋವಾಯಿತು. ನೋವಾಗುವುದು ಸಹಜ, ಆದರೆ ಉತ್ತರವೇನಿತ್ತು? 'ಅವರದು ಸನ್ಯಾಸದ ಉಡುಪು, ಮಗುವಿನದು ಹಾಗಲ್ಲ' ಎಂಬುದೇ ನಮ್ಮ ಉತ್ತರ. ಅಂದರೆ ಮತ್ತೆ ಅದೇ: ದೀಕ್ಷೆ ಪಡೆದವರಿಗೆ ಸಲ್ಲುತ್ತದೆ, ಸಾಮಾನ್ಯ ವಿಶ್ವಾಸಿಗೆ ಸಲ್ಲದು.

ಈ ಉತ್ತರ ನಮ್ಮನ್ನೂ ಕಾಯಲಾರದು. 2015ರ ಜುಲೈ 25ರಂದು ಅಖಿಲ ಭಾರತ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ತಿರುವನಂತಪುರದಲ್ಲಿ ಬಂದ ಯುವ ಧರ್ಮಭಗಿನಿಯೊಬ್ಬರಿಗೆ ಮುಸುಕನ್ನೂ ಕೊರಳ ಶಿಲುಬೆಯನ್ನೂ ತೆಗೆಯುವಂತೆ ಹೇಳಲಾಯಿತು. ಅವರು ಒಪ್ಪಲಿಲ್ಲ, ಪರೀಕ್ಷೆ ಬರೆಯದೆ ಮರಳಿದರು. ಹಿಂದಿನ ದಿನವಷ್ಟೇ ಮುಸ್ಲಿಂ ವಿದ್ಯಾರ್ಥಿನಿಯರ ಪರವಾದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತ್ತು, ಒಂದು ದಿನ ತಲೆವಸ್ತ್ರವಿಲ್ಲದಿದ್ದರೆ ನಂಬಿಕೆ ಮಾಯವಾಗದು ಎಂಬ ಅರ್ಥದ ಮಾತೂ ಅಲ್ಲಿ ಬಂದಿತ್ತು. ಆ ಅರ್ಜಿಯ ಸುದ್ದಿಯನ್ನು ನಮ್ಮಲ್ಲಿ ಎಷ್ಟು ಮಂದಿ ಓದಿದ್ದೆವು? ಧರ್ಮಭಗಿನಿಯ ಸುದ್ದಿಯನ್ನು ಎಲ್ಲರೂ ಓದಿದೆವು.

ಇನ್ನೊಂದು ಪಕ್ಷದ ಮಾತನ್ನು ಹೇಳದಿದ್ದರೆ ವಿಮರ್ಶೆ ಪ್ರಾಮಾಣಿಕವಾಗದು. ಸಮವಸ್ತ್ರ ಬಂದದ್ದು ಒಳ್ಳೆಯ ಕಾರಣಕ್ಕೆ. ಬೀಡಿ ಕಟ್ಟುವವಳ ಮಗಳೂ ಹಡಗಿನಲ್ಲಿ ದುಡಿಯುವವನ ಮಗಳೂ ಒಂದೇ ಬಟ್ಟೆಯಲ್ಲಿ ಕೂತುಕೊಳ್ಳುವುದು ಚಿಕ್ಕ ವಿಷಯವಲ್ಲ. ಎರಡನೆಯದು, ತಲೆವಸ್ತ್ರವನ್ನು ತೊಡುವುದೆಲ್ಲ ಸ್ವಂತ ಇಚ್ಛೆಯಲ್ಲ. ಬ್ಯಾರಿ ಹೆಂಗಸರ ಹಳೆಯ ಉಡುಪಿನಲ್ಲಿ ತುಣಿ, ಕುಪ್ಪಾಯ ಮತ್ತು ತಲೆಯ ಮೇಲೊಂದು ಬಟ್ಟೆ ಇತ್ತು, ಕಪ್ಪು ಬುರ್ಖಾ ಇರಲಿಲ್ಲ. ಆ ಬದಲಾವಣೆ ಬಂದಾಗ ಮನೆಯ ಹೆಂಗಸರ ಅಭಿಪ್ರಾಯವನ್ನು ಎಷ್ಟು ಕೇಳಲಾಯಿತೆಂಬುದು ಆ ಸಮುದಾಯದ ಒಳಗಿನವರೇ ಎತ್ತಿದ ಪ್ರಶ್ನೆ. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬಾಳಿದ ಸಾರಾ ಅಬೂಬಕ್ಕರ್ ಅವರು 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯಿಂದ ಮೊದಲುಗೊಂಡು 2023ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ತಮ್ಮ ಸಮುದಾಯದ ಹೆಣ್ಣುಮಕ್ಕಳ ಪರವಾಗಿ, ತಮ್ಮ ಸಮುದಾಯದ ಯಜಮಾನರೊಡನೆ ವಾದಿಸುತ್ತಲೇ ಇದ್ದರು. ಅವರ ಮಾತಿಗೆ ತೂಕ ಬಂದದ್ದು ಒಳಗೆ ನಿಂತು ಆಡಿದ್ದರಿಂದ. ಅದೇ ಮಾತನ್ನು ನಾವು ಕಡ ತಂದು ಹೊರಗೆ ನಿಂತು ಆಡಿದರೆ ಅದು ಸುಧಾರಣೆಯಾಗದು, ಚುಚ್ಚುಮಾತಾದೀತು. ಬಲವಂತದಿಂದ ತೊಡಿಸುವುದು ತಪ್ಪೆಂದಾದರೆ ಬಲವಂತದಿಂದ ತೆಗೆಸುವುದು ಅದಕ್ಕೆ ಮದ್ದಲ್ಲ. ಎರಡೂ ಕಡೆ ಕೈಗಳು ಬೇರೆ, ತಲೆ ಅದೇ ಹುಡುಗಿಯದು.

ಹುಡುಗಿಯದು ಎಂದು ಬೇಕೆಂದೇ ಬರೆದೆ. ಗಂಡಸಿನ ಟೊಪ್ಪಿಗೂ ಕಷ್ಟ ಬಂದದ್ದುಂಟು. 2022ರ ಫೆಬ್ರವರಿಯಲ್ಲಿ ಬಾಗಲಕೋಟೆ ಜಿಲ್ಲೆಯ ತೇರದಾಳದ ಸರ್ಕಾರಿ ಪದವಿ ಕಾಲೇಜಿಗೆ ಟೊಪ್ಪಿ ಧರಿಸಿ ಬಂದದ್ದಕ್ಕಾಗಿ ತನ್ನನ್ನು ಥಳಿಸಿದರೆಂದು ವಿದ್ಯಾರ್ಥಿಯೊಬ್ಬ ದೂರಿದ, ನ್ಯಾಯಾಲಯದ ಸೂಚನೆಯ ಮೇಲೆ ಪ್ರಕರಣ ದಾಖಲಾಯಿತು. ಆದರೂ ಸಾಮಾನ್ಯವಾಗಿ ಹುಡುಗನ ಟೊಪ್ಪಿ ಕಿಸೆಗೆ ಹೋಗುತ್ತದೆ, ಅವನು ತರಗತಿಗೆ ಹೋಗುತ್ತಾನೆ. ಅವಳ ತಲೆವಸ್ತ್ರ ಕಿಸೆಗೆ ಹೋಗುವಂಥದಲ್ಲ. ಮನೆಯವರು ತೆಗೆಯಬೇಡ ಎನ್ನುತ್ತಾರೆ, ಕಾಲೇಜು ತೆಗೆ ಎನ್ನುತ್ತದೆ. ನಡುವೆ ಬಿಟ್ಟುಹೋಗುವುದು ಅವಳ ಓದು.

ಆಗ ಕೇಸರಿ ಶಾಲಿಗೂ ಜಾಗ ಕೊಡಬೇಕಲ್ಲ ಎಂಬ ಪ್ರಶ್ನೆ ಬರುತ್ತದೆ. 2022ರ ಫೆಬ್ರವರಿಯಲ್ಲಿ ಕುಂದಾಪುರ, ಉಡುಪಿಗಳಲ್ಲಿ ಹೆಗಲೇರಿದ ಶಾಲುಗಳು ಅದಕ್ಕೆ ಹಿಂದಿನ ತಿಂಗಳು ಆ ಹೆಗಲುಗಳ ಮೇಲೆ ಇರಲಿಲ್ಲ, ಮುಂದಿನ ತಿಂಗಳೂ ಇರಲಿಲ್ಲ. ದೇವರಿಗಾಗಿ ತೊಟ್ಟದ್ದಕ್ಕೂ ಎದುರಿನವರಿಗಾಗಿ ತೊಟ್ಟದ್ದಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಪ್ರಭುವೇ ಕಾಣಿಸಿದ್ದಾರೆ. ಮತ್ತಾಯನ ಶುಭಸಂದೇಶದ ಇಪ್ಪತ್ತಮೂರನೆಯ ಅಧ್ಯಾಯದಲ್ಲಿ, ಜನರು ನೋಡಲೆಂದು ಉಡುಪಿನ ಗೊಂಡೆಗಳನ್ನು ಉದ್ದಮಾಡಿಕೊಳ್ಳುವ ಧರ್ಮಶಾಸ್ತ್ರಿಗಳನ್ನು ಅವರು ಟೀಕಿಸುತ್ತಾರೆ. ಅದೇ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಹಿಂದಿನಿಂದ ಬಂದು ಪ್ರಭುವಿನ ಉಡುಪಿನ ಅಂಚನ್ನು ಮುಟ್ಟಿ ಗುಣವಾಗುತ್ತಾಳೆ. ನಮ್ಮ ಭಾಷಾಂತರಗಳಲ್ಲಿ ಒಂದು ಕಡೆ ಗೊಂಡೆ, ಇನ್ನೊಂದು ಕಡೆ ಅಂಚು. ಗ್ರೀಕ್ ಮೂಲದಲ್ಲಿ ಎರಡೂ ಕಡೆ ಒಂದೇ ಶಬ್ದ, 'ಕ್ರಾಸ್ಪೆದೋನ್'. ಧರ್ಮದ ಗುರುತಾದ ಗೊಂಡೆಯನ್ನು ಪ್ರಭು ತಾವೂ ತೊಟ್ಟಿದ್ದರು. ಅವರ ಟೀಕೆ ಗೊಂಡೆಯ ಮೇಲಲ್ಲ, ಅದರ ಉದ್ದದ ಮೇಲೆ. ಮುಂದೆ ಅವರ ತಲೆಗೂ ಸೈನಿಕರು ಬಲವಂತದಿಂದ ಒಂದನ್ನು ಹೊದಿಸಿದರು, ಮುಳ್ಳಿನದು, ಧರ್ಮದ ಹೆಸರಿನಲ್ಲಲ್ಲ, ನಗೆಯಾಟಕ್ಕಾಗಿ.

ನಮ್ಮ ಊರಿಗೆ ಮರಳೋಣ. ತೊಕ್ಕೊಟ್ಟು, ಉಳ್ಳಾಲ, ದೇರಳಕಟ್ಟೆಗಳ ಕ್ರೈಸ್ತ ಶಾಲೆಗಳಲ್ಲಿ ಓದುವ ಮಕ್ಕಳಲ್ಲಿ ಬ್ಯಾರಿ ಮನೆಗಳ ಮಕ್ಕಳು ಬಹಳ. ಅವರ ಹೆತ್ತವರು ಕನ್ಯಾಸ್ತ್ರೀಯರ ಶಾಲೆಯನ್ನು ಹುಡುಕಿಕೊಂಡು ಬರುವುದಕ್ಕೆ ಒಂದು ಕಾರಣವನ್ನು ಒಬ್ಬ ತಾಯಿ ನನ್ನ ಹೆಂಡತಿಯೊಡನೆ ಹೇಳಿದ್ದುಂಟು: "ಅಲ್ಲಿ ಟೀಚರ್‌ಗಳೂ ತಲೆ ಮುಚ್ಚಿಕೊಳ್ಳುತ್ತಾರಲ್ಲ ಅಕ್ಕ, ನಮ್ಮ ಮಗುವಿಗೆ ಬೇರೆ ಅನಿಸುವುದಿಲ್ಲ." ಮುಸುಕು ಧರಿಸಿದ ನಮ್ಮ ಧರ್ಮಭಗಿನಿಯರನ್ನು ಆ ತಾಯಿ ಹಾಗೆ ಓದಿಕೊಂಡಿದ್ದಾರೆ. ನಮಗಿಂತ ಚೆನ್ನಾಗಿ ಓದಿಕೊಂಡಿದ್ದಾರೆಂದು ನನ್ನ ಅಭಿಪ್ರಾಯ.

ಪ್ರತಿ ವರ್ಷ ಮೇ ತಿಂಗಳಲ್ಲಿ ಆಡಳಿತ ಮಂಡಳಿಗಳು ಕುಳಿತು ಹೊಸ ವರ್ಷದ ನಿಯಮಾವಳಿಯನ್ನು ಅಚ್ಚಿಗೆ ಕಳುಹಿಸುತ್ತವೆ. ಸಮವಸ್ತ್ರದ ಕಲಮು ಅದರಲ್ಲಿ ಸಾಮಾನ್ಯವಾಗಿ ಹಿಂದಿನ ವರ್ಷದ ನಕಲು. ಕೇಂದ್ರೀಯ ವಿದ್ಯಾಲಯಗಳಲ್ಲಿ ಸಮವಸ್ತ್ರದ ಬಣ್ಣದ್ದೇ ಆದ ತಲೆವಸ್ತ್ರಕ್ಕೆ ಅವಕಾಶವಿತ್ತೆಂಬುದನ್ನು 2022ರಲ್ಲಿ ಅರ್ಜಿದಾರರು ಉಚ್ಚ ನ್ಯಾಯಾಲಯದ ಗಮನಕ್ಕೆ ತಂದಿದ್ದರು. ಅಂಥ ಒಂದು ಸಾಲನ್ನು ನಮ್ಮ ಆಡಳಿತದ ಶಾಲೆಗಳು ಸೇರಿಸಬಹುದೇ ಎಂದು ಧರ್ಮಕೇಂದ್ರದ ಪಾಲನಾ ಪರಿಷತ್ತಿನಲ್ಲಿ ಒಮ್ಮೆ ಕೇಳಬೇಕೆಂದಿದ್ದೇನೆ. ಸಮವಸ್ತ್ರದ ಬಟ್ಟೆ ಮಾರುವ ತೊಕ್ಕೊಟ್ಟಿನ ಅಂಗಡಿಯಲ್ಲಿ ವಿಚಾರಿಸಿದೆ. ಚೂಡಿದಾರಿಗೆ ಕತ್ತರಿಸುವ ಥಾನಿನಿಂದಲೇ ಇನ್ನೊಂದು ಮೀಟರು ಕತ್ತರಿಸಿ ಕೊಡುತ್ತಾರಂತೆ.